ನಲವತ್ತು ಫೋನು, ಒಂಬತ್ತು ಹಾಡು

ಮೋಹನದಾಸರಿಗೆ ತಪ್ಪು ಹುಡುಕುವುದಕ್ಕೇ ಸಂಬಳ ಬರುತ್ತಿತ್ತು. ಬ್ಯಾಂಕಿನ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಇಪ್ಪತ್ತಾರು ವರ್ಷ, ಊರೂರು ಸುತ್ತಿ ಕೊನೆಗೆ ಕೋಲ್ಕತ್ತದಲ್ಲೇ ಬೇರು ಬಿಟ್ಟವರು. ಯಾವ ಶಾಖೆಗೆ ಕಾಲಿಟ್ಟರೂ ಅವರ ಕಣ್ಣು ಮೊದಲು ಬೀಳುವುದು ಇರಬೇಕಾದಲ್ಲಿ ಇಲ್ಲದ ಸಹಿಯ ಮೇಲೆ. ಅವರು ಬರುತ್ತಾರೆಂದು ಗೊತ್ತಾದರೆ ಮ್ಯಾನೇಜರುಗಳು ಹಿಂದಿನ ದಿನವೇ ಕಪಾಟು ತೆಗೆದು ಧೂಳು ಹೊಡೆಯುತ್ತಿದ್ದರು. ಈ ವಿದ್ಯೆ ಅಲಿಪುರದ ವಲಯ ಕಚೇರಿಯಲ್ಲಿ ಅವರಿಗೆ ಮರ್ಯಾದೆ ತಂದುಕೊಟ್ಟಿತ್ತು. ಮನೆಯಲ್ಲಿ ಮಾತ್ರ ಅದರಿಂದ ಆದದ್ದೆಲ್ಲ ನಷ್ಟವೇ.

ಮಗಳು ಅಶ್ವಿತಾಳಿಗೆ ಹತ್ತು ವರ್ಷವಿದ್ದಾಗ ಬಾಲಿಗಂಜಿನ ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ಅವಳದೊಂದು ಹಾಡಿತ್ತು. ಮೋಹನದಾಸರು ಮುಂದಿನ ಸಾಲಿನಲ್ಲಿ ಕಾಲಮೇಲೆ ಕಾಲು ಹಾಕಿ ಕೂತಿದ್ದರು. ಎರಡನೇ ಚರಣದಲ್ಲಿ ಶ್ರುತಿ ಒಂಚೂರು ಜಾರಿತು. ಬೇರೆ ಅಪ್ಪಂದಿರಾಗಿದ್ದರೆ ಗೊತ್ತಾಗುತ್ತಿರಲಿಲ್ಲ, ಗೊತ್ತಾಗಿದ್ದರೂ ಚಪ್ಪಾಳೆ ಹೊಡೆದು ಸುಮ್ಮನಿರುತ್ತಿದ್ದರು. ಇವರು ಕೂತಲ್ಲಿಂದಲೇ ಗಟ್ಟಿಯಾಗಿ, “ಅಲ್ಲ ಅಲ್ಲ, ಶ್ರುತಿ ತಪ್ಪಿತು, ಮೊದಲಿಂದ ಹೇಳು” ಅಂದುಬಿಟ್ಟರು. ಮಗು ಮೈಕಿನ ಮುಂದೆ ಒಂದು ಕ್ಷಣ ನಿಂತಿತು. ಆಮೇಲೆ ವೇದಿಕೆ ಇಳಿದು, ಚಪ್ಪಲಿ ಮೆಟ್ಟಿಕೊಂಡು, ಹೊರಗೆ ಹೋಗಿ ರಸ್ತೆ ನೋಡುತ್ತ ನಿಂತಿತು. ಅದಾದ ಮೇಲೆ ಹನ್ನೆರಡು ವರ್ಷ ಅವಳ ಬಾಯಿಂದ ಒಂದು ಕನ್ನಡ ಹಾಡು ಮನೆಯಲ್ಲಿ ಯಾರಿಗೂ ಕೇಳಲಿಲ್ಲ. ಆ ಹನ್ನೆರಡು ವರ್ಷ ಮೋಹನದಾಸರ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಅವರು ಅದನ್ನು ಯಾರೊಡನೆಯೂ ಆಡಿರಲಿಲ್ಲ.

ಹಾಗಿರುವಾಗ ನ್ಯೂ ಟೌನಿನ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ ಅಶ್ವಿತಾ ಅಲ್ಲಿ ಬೆಂಗಳೂರಿನ ಜೀವನ್ ಎಂಬ ಗಿಟಾರ್ ಹುಚ್ಚನನ್ನೂ, ಡ್ರಮ್ ಬಾರಿಸುವ ಪ್ರೇರಣಾಳನ್ನೂ ಸಂಪಾದಿಸಿಕೊಂಡಳು. ಮೂವರೂ ಸೇರಿ ರಾಕ್ ಬ್ಯಾಂಡ್ ಕಟ್ಟಿದರು. ಜೀವನನ ಫ್ಲ್ಯಾಟಿನಲ್ಲಿ ಅಭ್ಯಾಸ. ಅಕ್ಕಪಕ್ಕದವರು ಬಂದು ಹಿಂದಿಯಲ್ಲಿ, ಬಂಗಾಳಿಯಲ್ಲಿ, ಇಂಗ್ಲಿಷಿನಲ್ಲಿ ಒಂದೇ ಮಾತು ಹೇಳಿ ಹೋಗುತ್ತಿದ್ದುದರಿಂದ ಬ್ಯಾಂಡಿಗೆ ಅದನ್ನೇ ಕನ್ನಡ ಮಾಡಿ ಹೆಸರಿಟ್ಟರು: ‘ಬಾಗಿಲು ಹಾಕಿ’. ನಾಲ್ಕು ವರ್ಷ ಒದ್ದಾಡಿ ಒಂಬತ್ತು ಹಾಡು ಮಾಡಿದರು. ಅಷ್ಟೂ ಕನ್ನಡದಲ್ಲಿ. ಕನ್ನಡವನ್ನು ಅರ್ಥಮಾಡಿಕೊಳ್ಳುವಷ್ಟು ಸಲೀಸಾಗಿ ಆಡಲಾರದ ಹುಡುಗಿ ತಾನೇ ಕೂತು ಸಾಲು ಬರೆದಳು ಎಂದು ಕೇಳಿ ತಾಯಿ ಸ್ನೇಹಲತಾ ಅಡುಗೆಮನೆಯಲ್ಲಿ ಒಂದಿಷ್ಟು ಅತ್ತರು. ‘ಲಿಫ್ಟ್ ಕೆಟ್ಟಿದೆ’ ಎಂಬ ಹೆಸರಿನ ಆ ಮೊದಲ ಆಲ್ಬಮ್ ಒಂದು ಶುಕ್ರವಾರ ಫೋನಿನ ಹಾಡಿನ ಆ್ಯಪಿನಲ್ಲಿ ಬಂತು.

ಮೊದಲ ವಾರ ಇನ್ನೂರ ಹನ್ನೆರಡು ಸಲ ಯಾರೋ ಕೇಳಿದ್ದರು. ಅದರಲ್ಲಿ ಅರವತ್ತು ಸ್ನೇಹಲತಾರೇ. ಎರಡನೇ ವಾರ ಬೆಂಗಳೂರಿನ ಒಂದು ವೆಬ್ ಪತ್ರಿಕೆಯಲ್ಲಿ ವಿಮರ್ಶೆ ಬಂತು. ಅಶ್ವಿತಾ ಊಟದ ಮೇಜಿನಲ್ಲಿ ಅದನ್ನು ನಗುನಗುತ್ತಲೇ ಗಟ್ಟಿಯಾಗಿ ಓದಿದಳು.

“ಗಿಟಾರ್ ಪರವಾಗಿಲ್ಲ. ಡ್ರಮ್ಮಿಗೆ ಕೋಪ ಜಾಸ್ತಿ. ಹಾಡುಗಾರ್ತಿಯ ಕನ್ನಡ ಬಾಡಿಗೆಗೆ ತಂದ ಸೀರೆಯ ಹಾಗಿದೆ, ಎಲ್ಲಿ ಜಾರುತ್ತದೋ ಎಂದು ಅವರಿಗೂ ಭಯ, ನಮಗೂ ಭಯ.”

ಓದಿ ಮುಗಿಸಿ ಫೋನು ಮಗುಚಿಟ್ಟಳು. ನಗು ಹೋಗಿತ್ತು.

“ಪಪ್ಪ, ಇದೇ ಫಸ್ಟು, ಇದೇ ಲಾಸ್ಟು ಅಂತ ಕಾಣ್ತದೆ. ಯಾರಿಗೂ ಬೇಡದ್ದನ್ನು ನಾವ್ಯಾಕೆ ಮಾಡುದು?”

ಮೋಹನದಾಸರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟರು. ಹತ್ತು ವರ್ಷದ ಮಗು ಚಪ್ಪಲಿ ಮೆಟ್ಟಿಕೊಳ್ಳುವುದು ಕಣ್ಣಿಗೆ ಕಟ್ಟಿದ ಹಾಗಾಯಿತು. ಇವಳು ಇನ್ನೊಂದು ಸಲ ಬಾಯಿ ಮುಚ್ಚಿದರೆ ಮತ್ತೆ ತೆರೆಯುವುದಿಲ್ಲ ಎಂದು ಅವರಿಗೆ ಅನ್ನಿಸಿತು. ಆ ರಾತ್ರಿ ಅವರು ಸರಿಯಾಗಿ ನಿದ್ದೆ ಮಾಡಲಿಲ್ಲ. ಬೆಳಿಗ್ಗೆ ಎದ್ದಾಗ ಉಪಾಯ ಸಿಕ್ಕಿತ್ತು.

ಬ್ಯಾಂಕಿನವರಿಗೆ ಯಾವ ಕಷ್ಟ ಬಂದರೂ ಗೊತ್ತಿರುವ ಮದ್ದು ಒಂದೇ, ಅಭಿಯಾನ. ಹೊಸ ಖಾತೆ ಬೇಕೆಂದರೆ ಅಭಿಯಾನ, ಹಳೆ ಖಾತೆಗೆ ಆಧಾರ್ ಜೋಡಿಸಬೇಕೆಂದರೆ ಅಭಿಯಾನ. ಒಂದು ತಿಂಗಳು ಗುರಿ ಇಟ್ಟು, ತಲೆಗಿಷ್ಟು ಎಂದು ಹಂಚಿ, ಸಂಜೆ ಸಂಜೆ ಫೋನು ಮಾಡಿ ಪ್ರಾಣ ತಿಂದರೆ ಆಗದ ಕೆಲಸವಿಲ್ಲ. ಕೋಲ್ಕತ್ತದ ಕರಾವಳಿ ಮೂಲದ ಬ್ಯಾಂಕಿನವರೆಲ್ಲ ಕನ್ನಡ ಕೂಟದ ಸದಸ್ಯರು, ಎಲ್ಲರ ನಂಬರೂ ಮೋಹನದಾಸರ ಬಳಿ ಇತ್ತು. ಒಬ್ಬೊಬ್ಬರಿಗೂ ಫೋನು ಮಾಡಿದರು. ಕೂಟದ ಕಾರ್ಯದರ್ಶಿ ಮೈಸೂರಿನ ಮರಿಯಪ್ಪನವರಿಗೂ ಮಾಡಿದರು.

“ಮನೇಲಿ ಹಳೇ ಫೋನು ಉಂಟಲ್ಲ ಮರಿಯಪ್ನೋರೆ, ಅದನ್ನು ಆಫೀಸಿಗೆ ತಕೊಂಡು ಹೋಗಿ. ವೈಫೈ ಹಾಕಿ, ಚಾರ್ಜಿಗೆ ಇಡಿ, ಮಗಳ ಆಲ್ಬಮ್ ಹಚ್ಚಿ ಡ್ರಾಯರಿನಲ್ಲಿ ಇಟ್ಟುಬಿಡಿ. ಮುಗಿದ ಹಾಗೆ ಅದೇ ಮೊದಲಿಂದ ಶುರು ಆಗ್ತದೆ. ಊಟಕ್ಕೆ ಏಳುವಾಗ ಮಾತ್ರ ನಿಲ್ಲಿಸಿ, ಬಿಸಿ ಆಗ್ತದೆ.”

“ಆಫೀಸಲ್ಲಿ ಗಲಾಟೆ ಆಗಲ್ವೆ, ದಾಸರೆ?”

“ಸೌಂಡ್ ಪೂರ್ತಿ ಕಮ್ಮಿ ಮಾಡಿ ಮಾರಾಯ್ರೆ. ಆ್ಯಪಿನವರ ಲೆಕ್ಕ ಇರುದು ನಡೆದದ್ದಕ್ಕೆ, ಕೇಳಿದ್ದಕ್ಕಲ್ಲ.”

ನಲವತ್ತು ಫೋನು ಕೂಡಿದವು. ಮೋಹನದಾಸರ ಡ್ರಾಯರಿನಲ್ಲೇ ಮೂರು. ಬಿಳಿ ಹಾಳೆಯ ಮೇಲೆ ಗೆರೆ ಎಳೆದು ‘ಗುರಿ’, ‘ಸಾಧನೆ’ ಎಂದು ಬರೆದರು. ಸಂಜೆ ಐದೂವರೆಗೆ ಸರಿಯಾಗಿ ಎಲ್ಲರಿಂದಲೂ ವರದಿ ಬರುತ್ತಿತ್ತು. ಇಪ್ಪತ್ತಾರು ವರ್ಷ ಊರವರ ಸುಳ್ಳು ಅಂಕಿಗಳನ್ನು ಕೆಂಪು ಶಾಯಿಯಲ್ಲಿ ಸುತ್ತಿದ ಮನುಷ್ಯನಿಗೆ ತಾನು ಮಾಡುತ್ತಿರುವುದು ಏನೆಂದು ಹೊಳೆಯಲೇ ಇಲ್ಲ. ಪ್ರೀತಿ ಬಂದರೆ ಇನ್‌ಸ್ಪೆಕ್ಟರಿಗೂ ಮಂಕು ಕವಿಯುತ್ತದೆ.

ಎರಡು ವಾರದಲ್ಲಿ ‘ಲಿಫ್ಟ್ ಕೆಟ್ಟಿದೆ’ ನಲವತ್ತೊಂದು ಸಾವಿರ ದಾಟಿತು. ಅಶ್ವಿತಾ ಅಡುಗೆಮನೆಯಲ್ಲಿ ತಾಯಿಯ ಸೊಂಟ ಹಿಡಿದು ಕುಣಿದಳು. ಪ್ರೇರಣಾ ಬಂಗಾಳಿ ಸಿಹಿ ಸಂದೇಶ್‌ನ ಡಬ್ಬಿ ಹಿಡಿದುಕೊಂಡು ಬಂದಳು. ಜೀವನ್ ಎರಡನೇ ಆಲ್ಬಮ್ಮಿಗೆ ರಾಗ ಹಾಕತೊಡಗಿದ. ಬೆಂಗಳೂರಿನ ಆ ವಿಮರ್ಶಕ ಕೂಡ, ‘ಕೋಲ್ಕತ್ತದಲ್ಲಿ ಏನು ನಡೆಯುತ್ತಿದೆ?’ ಎಂದು ಒಂದು ಸಾಲು ಬರೆದ. ಮಗಳ ಮುಖ ನೋಡಿ ಮೋಹನದಾಸರಿಗೆ ಹೊಟ್ಟೆ ತುಂಬಿದ ಹಾಗಾಗುತ್ತಿತ್ತು. ಒಂದು ಸಲವಂತೂ ಬಚ್ಚಲಲ್ಲಿ ಅವರೇ ಗುನುಗಿದರು. ಗುನುಗಿದ್ದು ಯಕ್ಷಗಾನದ ಪದ, ಮಗಳ ಹಾಡಲ್ಲ. ಮಗಳ ಹಾಡು ಅವರಿಗೆ ಗೊತ್ತಿದ್ದರೆ ತಾನೆ?

ಭಾನುವಾರ ಬೆಳಿಗ್ಗೆ ನೀರುದೋಸೆಯ ಹೊತ್ತಿಗೆ ಜೀವನ್ ಲ್ಯಾಪ್‌ಟಾಪ್ ಹಿಡಿದು ಬಂದ. ಮುಖ ಬಾಡಿತ್ತು. ಅಶ್ವಿತಾಳ ಕಣ್ಣು ಕೆಂಪಾಗಿತ್ತು, ಅವಳಿಗೆ ಆಗಲೇ ಫೋನಿನಲ್ಲಿ ಹೇಳಿದ್ದನೆಂದು ಕಾಣುತ್ತದೆ.

“ಆಂಟಿ, ಆ್ಯಪಿನವರು ಆಲ್ಬಮ್ ತೆಗೆದುಹಾಕಿದಾರೆ. ನಾವೇ ಫೇಕ್ ಆಗಿ ಪ್ಲೇ ಮಾಡ್ಸಿದೀವಂತೆ. ನಾವ್ ಯಾರೂ ಮಾಡಿಲ್ಲ, ದೇವ್ರಾಣೆ.”

“ಯಾರೋ ಹೊಟ್ಟೆಕಿಚ್ಚಿನವರು ಮಾಡಿರ್ಬೇಕು ಮಗಾ,” ಎಂದು ಸ್ನೇಹಲತಾ ಅವನ ತಟ್ಟೆಗೆ ಎರಡು ದೋಸೆ ಹಾಕಿದರು.

ಜೀವನ್ ದೋಸೆ ಮುಟ್ಟದೆ ಪರದೆಯ ಮೇಲಿದ್ದ ಗೆರೆಯನ್ನು ತೋರಿಸಿದ. ಅವನ ಕೆಲಸವೇ ಇಂಥ ಗೆರೆಗಳನ್ನು ಓದುವುದು.

“ನೋಡಿ ಆಂಟಿ, ವಿಚಿತ್ರ ಇದೆ. ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಶುರು. ಮಧ್ಯಾಹ್ನ ಎರಡರಿಂದ ಎರಡೂವರೆ ಬಿದ್ದೋಗತ್ತೆ. ಮತ್ತೆ ಏಳತ್ತೆ. ಐದೂವರೆಗೆ ಖಲಾಸ್. ಭಾನುವಾರ ಸೊನ್ನೆ. ಮೊದಲ್ನೇ ಶನಿವಾರ ಫುಲ್ ಇದೆ, ಎರಡನೇ ಶನಿವಾರ ಸೊನ್ನೆ. ಯಾವ ದೇಶದ ಹ್ಯಾಕರ್ ಸೆಕೆಂಡ್ ಸ್ಯಾಟರ್ಡೆ ರಜ ತಗೋತಾನೆ?”

ಬ್ಯಾಂಕಿಗೆ ರಜೆಯಿರುವ ಎರಡನೇ ಶನಿವಾರ ಯಾರ ಮನೆಯಲ್ಲಿ ಕಾಫಿ ಎರಡನೇ ಲೋಟಕ್ಕೆ ಹೋಗುತ್ತದೆ, ಯಾರು ಅವತ್ತು ಲುಂಗಿಯಲ್ಲೇ ಮಧ್ಯಾಹ್ನದವರೆಗೂ ಇರುತ್ತಾರೆ ಎಂಬುದು ತಾಯಿಗೂ ಗೊತ್ತಿತ್ತು, ಮಗಳಿಗೂ ಗೊತ್ತಿತ್ತು. ಇಬ್ಬರೂ ಒಟ್ಟಿಗೇ ಮೋಹನದಾಸರ ಕಡೆ ತಿರುಗಿದರು. ಮೋಹನದಾಸರು ಚಟ್ನಿಯನ್ನು ಬಹಳ ಗಮನವಿಟ್ಟು ನೋಡುತ್ತಿದ್ದರು.

“ಪಪ್ಪ?”

ಸುಳ್ಳು ಹೇಳಿ ಅವರಿಗೆ ಅಭ್ಯಾಸವಿರಲಿಲ್ಲ. ಎಲ್ಲವನ್ನೂ ಒಪ್ಪಿಸಿದರು. ಡ್ರಾಯರು, ಚಾರ್ಜರು, ಗುರಿ, ಸಾಧನೆ, ಮರಿಯಪ್ಪನವರ ಎರಡು ಫೋನು, ಯಾವುದನ್ನೂ ಬಿಡಲಿಲ್ಲ. ಕೇಳುತ್ತ ಕೇಳುತ್ತ ಜೀವನನಿಗೆ ನಗು ತಡೆಯಲಾಗಲಿಲ್ಲ. ಆಗಷ್ಟೇ ಬಾಯಿಗಿಟ್ಟ ದೋಸೆ ನೆತ್ತಿಗೇರಿ ಕೆಮ್ಮಿದ. ಅಶ್ವಿತಾಳ ತುಟಿಯೂ ಅದುರಿತು, ನಗುವೋ ಅಳುವೋ ಹೇಳುವ ಹಾಗಿರಲಿಲ್ಲ. ಆಮೇಲೆ ಅವಳು ಕೇಳಬಾರದ್ದನ್ನು ಕೇಳಿದಳು.

“ಆಚ್ಛಾ, ಪಪ್ಪ. ನಲವತ್ತೊಂದು ಸಾವಿರ ಸಲ ಅಲ್ವಾ. ಅದರಲ್ಲಿ ನೀವು ಎಷ್ಟು ಸಲ ಕೇಳಿದ್ರಿ?”

ಮೋಹನದಾಸರು ಚಟ್ನಿ ಬಿಟ್ಟು ಮಗಳ ಮುಖ ನೋಡಿದರು.

“ಒಂದ್ಸಲವೂ ಇಲ್ಲ.”

“ಧ್ಯಾತ್,” ಎಂದಳು ಅಶ್ವಿತಾ, ಬಂಗಾಳಿ ಹುಡುಗಿಯರ ಹಾಗೆ. ಆದರೆ ಆ ಮಾತಿನಲ್ಲಿ ಬಿರುಸಿರಲಿಲ್ಲ. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಜೀವನ್ ಮೆಲ್ಲನೆ ಜಾಗ ಖಾಲಿ ಮಾಡಿದ ಮೇಲೆ ಸ್ನೇಹಲತಾ ಗಂಡನ ಎದುರು ಕೂತರು. ಅವರಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ.

“ನಿಮಗೆ ಎಂತ ಬಂದದ್ದು ಮಾರಾಯ್ರೆ? ಊರವರ ಹತ್ರ ಹಚ್ಚಿಸಿದ್ರಿ. ಸ್ವಂತ ಮಗಳ ಹಾಡಿಗೆ ಕಿವಿ ಕೊಡ್ಲಿಕ್ಕೆ ನಿಮಗೆ ಪುರುಸೊತ್ತಿಲ್ವಾ?”

“ಪುರುಸೊತ್ತು ಉಂಟು. ಧೈರ್ಯ ಇಲ್ಲ.” ಮೋಹನದಾಸರ ಸ್ವರ ಒಡೆಯಿತು. “ಕೇಳಿದ್ರೆ ನನ್ನ ಕಿವಿಗೆ ಮೊದಲು ಬೀಳುದು ತಪ್ಪು. ತಪ್ಪು ಕಂಡ್ರೆ ನನ್ನ ಬಾಯಿ ಸುಮ್ಮನಿರುದಿಲ್ಲ. ಒಂದು ಸಲ ಬಾಯಿ ಬಿಟ್ಟದ್ದಕ್ಕೆ ಹನ್ನೆರಡು ವರ್ಷ ಹೋಯ್ತಲ್ಲ ಮಾರಾಯ್ತಿ. ಕೇಳದಿದ್ರೆ ಹೇಳುವ ಪ್ರಮೇಯವೇ ಇಲ್ಲ ಅಂತ.”

ಸ್ನೇಹಲತಾ ಮೇಜಿನ ಮೇಲಿನ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟರು. ಗಂಡನ ಈ ಲೆಕ್ಕಾಚಾರ ಅವರಿಗೆ ಇವತ್ತೇ ಗೊತ್ತಾದದ್ದು.

“ಅವತ್ತು ನೀವು ಮಾಡಿದ್ದು ತಪ್ಪೇ,” ಎಂದರು. “ಆದ್ರೆ ಅವತ್ತು ಆ ಸಭೆಯಲ್ಲಿ ಅವಳ ಹಾಡನ್ನು ಪೂರ್ತಿ ಕಿವಿಯಿಟ್ಟು ಕೇಳಿದ್ದು ನೀವೊಬ್ರೇ. ಉಳಿದವರು ತಿಂಡಿಯ ಯೋಚನೆಯಲ್ಲಿ ಇದ್ರು. ಅವಳಿಗೂ ಅದು ಗೊತ್ತುಂಟು. ಈಗ ಆ ಕಿವಿಯನ್ನೂ ಮುಚ್ಚಿಕೊಂಡ್ರಲ್ಲ, ಅದು ಅವಳಿಗೆ ಜಾಸ್ತಿ ಬೇಜಾರು.”

ಮೋಹನದಾಸರು ಇಡೀ ಮಧ್ಯಾಹ್ನ ಬಾಲ್ಕನಿಯಲ್ಲಿ ಕೂತರು. ಸಂಜೆ ಒಳಗೆ ಬಂದು ಬ್ಯಾಂಕಿನ ಇಂಗ್ಲಿಷಿನಲ್ಲಿ ಎರಡು ಪುಟದ ಪತ್ರ ಬರೆದು ಆ್ಯಪಿನ ಕಂಪನಿಗೆ ಕಳಿಸಿದರು. ತಪ್ಪು ತಮ್ಮದು, ಮಕ್ಕಳದ್ದಲ್ಲ, ಫೋನುಗಳು ಇಂತಿಂಥಲ್ಲಿ ಇದ್ದವು, ಬೇಕಾದರೆ ಬಂದು ಪರಿಶೀಲಿಸಬಹುದು ಎಂದು ಹೆಸರು, ಹುದ್ದೆ ಸಹಿತ. ಆಮೇಲೆ ಕೂಟದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕನ್ನಡದಲ್ಲಿ ಬರೆದರು: ‘ಅಭಿಯಾನ ರದ್ದು. ಸದ್ದಿಲ್ಲದೆ ಹಾಡು ಹಚ್ಚಿದ ಪ್ರತಿಯೊಬ್ಬರೂ ಮುಂದಿನ ಭಾನುವಾರ ಸಂಜೆ ನಾಲ್ಕಕ್ಕೆ ಕೂಟದ ಹಾಲಿಗೆ ಖುದ್ದಾಗಿ ಬಂದು, ಅದೇ ಒಂಬತ್ತು ಹಾಡನ್ನು ಒಂದು ಸಲ ಕಿವಿಯಿಂದ ಕೇಳತಕ್ಕದ್ದು. ನಾನೂ ಬರುತ್ತೇನೆ. ಗೋಳಿಬಜೆ ಇದೆ.’

ಬ್ಯಾಂಡಿನವರನ್ನು ಒಪ್ಪಿಸುವ ಕೆಲಸ ಮರಿಯಪ್ಪನವರ ಪಾಲಿಗೆ ಬಂತು, ಏಕೆಂದರೆ ಮಗಳು ಅಪ್ಪನೊಡನೆ ಉಪ್ಪಿನಕಾಯಿ ದಾಟಿಸುವಷ್ಟು ಮಾತ್ರ ಮಾತಾಡುತ್ತಿದ್ದಳು. ಅಶ್ವಿತಾ ಮೊದಲು ಒಲ್ಲೆ ಅಂದಳು. ಜೀವನ್ ಅವಳನ್ನು ಬಗ್ಗಿಸಿದ.

“ಲೇ, ನಲವತ್ತು ಜನ ಕಣೇ! ಇದುವರೆಗೆ ನಮ್ ಎದುರು ಕೂತೋರು ಹದಿನಾಲ್ಕು ಜನ. ಅದರಲ್ಲಿ ಇಬ್ರು ಸೌಂಡಿನವರು.”

ಬಂದವರು ಎಪ್ಪತ್ತು ಜನ. ಗೋಳಿಬಜೆಯ ಮಹಿಮೆ ಎಂದು ಸ್ನೇಹಲತಾ, ತಪ್ಪಿತಸ್ಥ ಮನಸ್ಸಿನ ಮಹಿಮೆ ಎಂದು ಮರಿಯಪ್ಪ. ಬ್ಯಾಂಕಿನವರು ಹೆಂಡಂದಿರನ್ನೂ ಕರೆತಂದು, ನೋಟೀಸು ಬಂದವರ ಹಾಗೆ ಮುಖ ಮಾಡಿಕೊಂಡು ಸಾಲಾಗಿ ಕೂತರು. ಹಿಂದಿನ ಸಾಲುಗಳಲ್ಲಿ ನ್ಯೂ ಟೌನಿನ ಹುಡುಗ ಹುಡುಗಿಯರು. ಮೋಹನದಾಸರು ಮುಂದಿನ ಸಾಲಿಗೆ ಹೋಗದೆ ಮಧ್ಯದಲ್ಲೊಂದು ಕುರ್ಚಿ ಹಿಡಿದರು.

ಮೊದಲ ಹಾಡಿಗೆ ಹಾಲಿನ ಕಿಟಕಿಗಳು ಗಡಗಡ ಅಂದವು. ಮೂರು ಜನ ಹಿರಿಯರು ಕಿವಿಯ ಮೆಶಿನು ತೆಗೆದು ಜೇಬಿಗೆ ಹಾಕಿಕೊಂಡರು, ಹಾಕಿಕೊಂಡು ನೆಮ್ಮದಿಯಿಂದ ತಲೆದೂಗಿದರು. ಎರಡನೆಯದು ಮುಗಿಯುವ ಹೊತ್ತಿಗೆ ಹಿಂದಿನವರು ಕುಣಿಯುತ್ತಿದ್ದರು. ಲಿಫ್ಟ್ ಕೆಟ್ಟ ಮನೆಯ ಆರನೇ ಮಹಡಿಗೆ ಮೀನು ಹೊತ್ತುಕೊಂಡು ಹೋಗುವ ಹಾಡು ಬಂದಾಗ, ಅಂಥದೇ ಮನೆಗಳಲ್ಲಿರುವ ಬ್ಯಾಂಕಿನವರ ಹೆಂಡಂದಿರು ‘ಹೌದು ನೋಡಿ, ಹೌದು ನೋಡಿ’ ಎಂದು ಒಬ್ಬರನ್ನೊಬ್ಬರು ತಿವಿದರು. ಮೋಹನದಾಸರು ಕಣ್ಣುಮುಚ್ಚಿ ಕೇಳುತ್ತಿದ್ದರು. ಆದರೆ ಕೈ ಸುಮ್ಮನಿರಬೇಕಲ್ಲ? ಅದು ತನ್ನಷ್ಟಕ್ಕೆ ಜೇಬಿನಿಂದ ಪೆನ್ನು ತೆಗೆದು, ಮರಿಯಪ್ಪನವರು ಅಚ್ಚು ಹಾಕಿಸಿದ್ದ ಆಮಂತ್ರಣದ ಹಿಂಬದಿಯಲ್ಲಿ ಒಂದರಿಂದ ಒಂಬತ್ತು ಬರೆದು, ಅಂಕಿಯ ಮುಂದೆ ಚಿಕ್ಕ ಚಿಕ್ಕ ಅಕ್ಷರ ಕೂಡಿಸತೊಡಗಿತು.

ಒಂಬತ್ತೂ ಮುಗಿದವು. ಚಪ್ಪಾಳೆ ಚೆನ್ನಾಗಿಯೇ ಬಿತ್ತು. ಮರಿಯಪ್ಪನವರು ಮೈಕು ಹಿಡಿದು ಅಭಿಪ್ರಾಯ ಹೇಳಿ ಎಂದರು. ಧಾರವಾಡದ ರೇಣುಕಾಬಾಯಿ, ಕೂಟದಲ್ಲೇ ಎಲ್ಲರಿಗಿಂತ ಹಿರಿಯರು, ಮೊದಲು ಎದ್ದರು.

“ಛಲೋ ಹಾಡ್ತಿ ನಮ್ಮವ್ವ. ನನಗ ಅರ್ಧ ತಿಳೀಲಿಲ್ಲ, ಆದ್ರ ತಿಳಿದ ಅರ್ಧ ಭಾಳ ಛಂದ ಐತಿ. ಕನ್ನಡ ಬಾಡಿಗೀದು ಅಂತ ಯಾರೋ ಬರದಾನಂತಲ್ಲ, ಅವನ್ನ ಇಲ್ಲಿಗೆ ಕಳಸು, ನಾ ಮಾತಾಡ್ತೀನಿ.”

ಹಾಲು ನಗೆಯಲ್ಲಿ ಮುಳುಗಿತು. ನಗು ತಗ್ಗಿದಾಗ ಅಶ್ವಿತಾ ಮೈಕಿನ ಹತ್ತಿರ ಬಂದಳು.

“ಪಪ್ಪ, ನೀವು ಹೇಳಿ.”

“ಚೆನ್ನಾಗಿತ್ತು ಮಗಾ,” ಎಂದರು ಮೋಹನದಾಸರು ಥಟ್ಟನೆ. ಆಮಂತ್ರಣವನ್ನು ಮಡಚಿ ಜೇಬಿಗೆ ತುರುಕಿದರು.

“ಅದಲ್ಲ. ಬರ್ದದ್ದು ಓದಿ. ನಾನು ಹಾಡ್ತಾ ನೋಡಿದ್ದೇನೆ.”

ಎಪ್ಪತ್ತು ಜನ ತಿರುಗಿ ನೋಡಿದರು. ಹದಿನಾರು ವರ್ಷದ ಹಿಂದೆ ಇದೇ ಕೂಟದಲ್ಲಿ ಏನಾಯಿತೆಂದು ಅವರಲ್ಲಿ ಅರ್ಧಕ್ಕರ್ಧ ಜನರಿಗೆ ನೆನಪಿತ್ತು. ಮೋಹನದಾಸರು ಹೆಂಡತಿಯ ಕಡೆ ನೋಡಿದರು. ಸ್ನೇಹಲತಾ ಗೋಳಿಬಜೆಯ ಪಾತ್ರೆಯ ಮೇಲೆ ಕೈಯಿಟ್ಟುಕೊಂಡು, ಏಳಿ ಎಂಬಂತೆ ಗದ್ದ ಎತ್ತಿದರು. ಮೋಹನದಾಸರು ಕಾಗದವನ್ನು ಜೇಬಿನಿಂದ ತೆಗೆದು ಎದ್ದರು.

“ಒಂದನೆಯದು, ಒಳ್ಳೆದುಂಟು. ಎರಡನೆಯದು ಸ್ವಲ್ಪ ಉದ್ದ ಆಯ್ತು, ಮುಗೀತು ಅಂದ್ಕೊಂಡ ಮೇಲೆ ಎರಡು ಸಲ ಶುರು ಆಗ್ತದೆ. ಮೂರನೆಯದು ಮೀನಿನದ್ದು, ಭಾರೀ ಲಾಯ್ಕ, ಅದರಲ್ಲಿ ತೆಗೀಲಿಕ್ಕೆ ಒಂದೂ ಇಲ್ಲ. ನಾಲ್ಕನೆಯದರಲ್ಲಿ ಗಿಟಾರಿನವನಿಗೆ ಮರೆತುಹೋಗಿ ಬೇರೆ ಎಂತದೋ ಬಾರಿಸಿದ.”

“ಕರೆಕ್ಟ್ ಅಂಕಲ್,” ಎಂದ ಜೀವನ್, ಕಿವಿ ಹಿಡಿದುಕೊಂಡು.

“ಐದನೆಯದು.” ಮೋಹನದಾಸರು ಕಾಗದವನ್ನು ಕಣ್ಣಿನ ಹತ್ತಿರ ತಂದರು, ಆಮೇಲೆ ಕೆಳಗಿಳಿಸಿದರು. “ಐದನೆಯದರಲ್ಲಿ ನಿನ್ನ ಸ್ವರ ನನಗೆ ಕೇಳ್ಳಿಲ್ಲ ಮಗಾ. ಡ್ರಮ್ಮಿನ ಅಡಿಗೆ ಹೋಯ್ತು. ನನಗೆ ನಿನ್ನ ಸ್ವರ ಕೇಳ್ಬೇಕಿತ್ತು.”

ಅಶ್ವಿತಾ ಮೈಕಿನ ಕಂಬ ಹಿಡಿದು ಅಪ್ಪನನ್ನು ನೋಡಿದಳು. ಕಣ್ಣು ತುಂಬಿಕೊಂಡಿತ್ತು, ಮುಖ ಪೂರ್ತಿ ನಗುತ್ತಿತ್ತು. ಹಿಂದೆ ತಿರುಗಿ ಪ್ರೇರಣಾಳಿಗೆ ಹೇಳಿದಳು.

“ಐದನೆಯದು, ಇನ್ನೊಮ್ಮೆ. ನೀನು ಕೋಲು ಇಟ್ಟುಬಿಡು, ಬರೇ ಕೈಯಲ್ಲಿ ಬಾರಿಸು.”

ಈ ಸಲ ಕಿಟಕಿಗಳು ಅಲುಗಲಿಲ್ಲ. ಪ್ರೇರಣಾ ಬೆರಳ ತುದಿಯಿಂದ ತಟ್ಟಿದಳು, ಜೀವನ್ ಒಂದೇ ತಂತಿ ಮೀಟಿದ. ಅಶ್ವಿತಾ ಹಾಡಿದಳು.

ಬಸ್ಸಿನ ಬಾಗಿಲಲ್ಲಿ, ಮೆಟ್ಟಿಲ ತಿರುವಲ್ಲಿ
ದಿನವೂ ಒಂದೇ ಪ್ರಶ್ನೆ, ತಲುಪಿದ್ಯಾ?
ತಲುಪಿದೆ ಪಪ್ಪ, ತಲುಪಿದೆ, ತಲುಪಿದೆ.

ಮೋಹನದಾಸರು ಕೂರುವುದನ್ನು ಮರೆತರು. ಮಗಳು ಕೆಲಸಕ್ಕೆ ಸೇರಿದ ದಿನದಿಂದ ಬೆಳಿಗ್ಗೆ ಹತ್ತಕ್ಕೆ, ಎಲ್ಲಿದ್ದರೂ, ಯಾರ ಎದುರಿಗಿದ್ದರೂ ಅವರು ಅವಳಿಗೆ ಒಂದು ಫೋನು ಮಾಡುತ್ತಿದ್ದರು. ಕೇಳುತ್ತಿದ್ದುದು ಅದೊಂದೇ ಮಾತು. ಅದು ಅವಳಿಗೆ ಕಿರಿಕಿರಿ ಎಂದೇ ಅವರು ತಿಳಿದಿದ್ದರು. ಅದು ಹಾಡಾಗಿತ್ತು. ಆ ಎರಡು ವಾರ ಅದು ಅವರ ಡ್ರಾಯರಿನಲ್ಲೇ, ಮೂರು ಮೂರು ಫೋನಿನಲ್ಲಿ, ಸದ್ದಿಲ್ಲದೆ ನಡೆದಿತ್ತು.

ಎರಡನೇ ಚರಣದಲ್ಲಿ ಶ್ರುತಿ ಒಂಚೂರು ಜಾರಿತು. ಅವರಿಗೆ ಗೊತ್ತಾಯಿತು. ಅವಳಿಗೂ ಗೊತ್ತಾಯಿತು. ಅವಳು ನಿಲ್ಲಲಿಲ್ಲ, ಅಪ್ಪನ ಮುಖ ನೋಡುತ್ತಲೇ ಅದನ್ನು ಸರಿಮಾಡಿಕೊಂಡು ಮುಂದೆ ಹೋದಳು.

ಇಲ್ಲಿಂದ ಹೊರಟದ್ದು, ಇಷ್ಟು ವರ್ಷ ನಡೆದದ್ದು,
ನನ್ನ ಸ್ವರ ನಿಮಗೆ ತಲುಪಿತಾ?

ಹಾಡು ಅಲ್ಲಿಗೇ ಮುಗಿಯುತ್ತಿತ್ತು. ಜೀವನನ ತಂತಿ ಇನ್ನೂ ಗುಂಯ್‌ಗುಡುತ್ತಿರುವಾಗಲೇ ಮೋಹನದಾಸರು ನಿಂತಲ್ಲಿಂದ, ಗಟ್ಟಿಯಾಗಿ, ಇಡೀ ಹಾಲಿಗೆ ಕೇಳುವ ಹಾಗೆ ಉತ್ತರ ಕೊಟ್ಟರು.

“ತಲುಪಿತು ಮಗಾ.”